ಜೇನಿನ ಮಿದುಳಿನಿಂದ ಕಲಿತ ಯಂತ್ರ: ಕಾಡಂಚಿನ ಬೇಸಾಯಕ್ಕೆ ಎಷ್ಟು ಒದಗೀತು?

ಮಳೆಗಾಲ ಕಳೆದು ಬತ್ತ ಹಾಲುಗಟ್ಟುವ ಹೊತ್ತಿಗೆ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಗದ್ದೆಗಳಲ್ಲಿ ರಾತ್ರಿಯ ದುಡಿಮೆ ಆರಂಭವಾಗುತ್ತದೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ಕತ್ತಲಾದೊಡನೆ ಕಂಬಳಿ, ಬ್ಯಾಟರಿ, ಬಡಿಯಲು ಒಂದು ತಗಡಿನ ಡಬ್ಬಿ ಹಿಡಿದು ಮಾಳ ಹತ್ತುತ್ತಾರೆ. ಹಂದಿಗಳ ಕಾಟ ಹೆಚ್ಚುಕಡಿಮೆ ನಿತ್ಯದ ಮಾತು. ಆನೆಗಳು ಬರುವುದು ಕೆಲವೇ ರಾತ್ರಿಗಳಲ್ಲಿ. ಆದರೆ ಹಿಂಡು ಇಳಿದ ಒಂದೇ ರಾತ್ರಿಯಲ್ಲಿ ಬತ್ತ, ಕಬ್ಬು ನೆಲಕಚ್ಚಿ ವರ್ಷದ ಗಳಿಕೆ ಹೋಗುತ್ತದೆ. ಕತ್ತಲೆಯಲ್ಲಿ ಎದುರಾದರೆ ಪ್ರಾಣಕ್ಕೇ ಸಂಚಕಾರ. ಕೊಯ್ಲು ಮುಗಿಯುವವರೆಗೆ ನಿದ್ದೆಗೆಟ್ಟ ಈ ರಾತ್ರಿಗಳನ್ನು ಬೇಸಾಯದ ಖರ್ಚಿನಲ್ಲಿ ಯಾರೂ ಬರೆದಿಡುವುದಿಲ್ಲ.

ಈ ಕಾವಲನ್ನು ಯಂತ್ರವೊಂದಕ್ಕೆ ಒಪ್ಪಿಸಲು ಸಾಧ್ಯವೆ? ಕ್ಯಾಮರಾ, ಸೈರನ್, ಡ್ರೋನ್ ಎಂದು ಹಲವು ಸಾಧನಗಳು ಮಾರುಕಟ್ಟೆಗೆ ಬಂದಿವೆ. ಇವು ಎಡವುವುದು ಮುಖ್ಯವಾಗಿ ಮೂರು ಕಡೆ. ಇವಕ್ಕೆ ವಿದ್ಯುತ್ತು ಹೆಚ್ಚು ಬೇಕು. ಚಿತ್ರವನ್ನು ದೂರದ ಗಣಕಯಂತ್ರಕ್ಕೆ ಕಳಿಸಲು ಮೊಬೈಲ್ ಸಂಪರ್ಕ ಬೇಕು. ಜೋಯಿಡಾದ ಕಣಿವೆಗಳಲ್ಲಿ ಚದುರಿದ ಮಜರೆಗಳಿಗೆ ಅದು ಸುಲಭದ ಮಾತಲ್ಲ. ಮೂರನೆಯದು, ಗಾಳಿಗೆ ಕೊಂಬೆ ಅಲುಗಿದರೂ ಕೂಗುವ ಸುಳ್ಳು ಎಚ್ಚರಿಕೆ. ನಾಲ್ಕು ರಾತ್ರಿ ಸುಮ್ಮನೆ ಎಬ್ಬಿಸಿದ ಸೈರನ್ನನ್ನು ಐದನೆಯ ರಾತ್ರಿ ಯಾರೂ ನಂಬುವುದಿಲ್ಲ.

ಆದರೆ ಈ ಮೂರು ತೊಡಕುಗಳನ್ನೂ ನಿತ್ಯವೂ ನಿವಾರಿಸಿಕೊಳ್ಳುವ ಒಂದು ಜೀವಿ ಇದೇ ಕಾಡಿನಲ್ಲಿದೆ. ಅದು ಜೇನುನೊಣ. ಅದರ ಮಿದುಳಿನ ತೂಕ ಸುಮಾರು 1 ಮಿಲಿಗ್ರಾಂ. ಅದರಲ್ಲಿರುವ ನರಕೋಶಗಳು ಹತ್ತು ಲಕ್ಷದ ಆಸುಪಾಸು. ಇಷ್ಟರಲ್ಲಿಯೇ ಅದು ಕಿಲೋಮೀಟರುಗಟ್ಟಲೆ ಹಾರಿ, ಗಾಳಿಗೆ ತೂಗುವ ಕೊಂಬೆಗಳ ನಡುವೆ ನುಸುಳಿ, ಹೂವನ್ನು ಗುರುತಿಸಿ, ಮರಳಿ ಗೂಡು ಸೇರುತ್ತದೆ. ಜೇನು, ಇರುವೆ, ಕಪ್ಪೆ ಮೊದಲಾದ ಜೀವಿಗಳ ನರವ್ಯೂಹವನ್ನು ಮಾದರಿಯಾಗಿ ಇಟ್ಟುಕೊಂಡು ಯಂತ್ರಗಳನ್ನು ನಿರ್ಮಿಸುವ ಕೆಲಸ ಈಗ ಜಗತ್ತಿನ ಹಲವು ಪ್ರಯೋಗಶಾಲೆಗಳಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅವುಗಳಲ್ಲೊಂದು.

ಕಣ ಮತ್ತು ಕಣಜ

ಸಾಮಾನ್ಯ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಬೇರೆ, ನೆನಪಿಟ್ಟುಕೊಳ್ಳುವ ಭಾಗ ಬೇರೆ. ಕಣ ಒಂದು ಊರಿನಲ್ಲಿ, ಕಣಜ ಇನ್ನೊಂದು ಊರಿನಲ್ಲಿ ಇದ್ದಂತೆ. ಪ್ರತಿ ಸೇರು ಕಾಳನ್ನೂ ಹೊತ್ತು ತಂದು, ತೂರಿ, ಮತ್ತೆ ಹೊತ್ತು ಒಯ್ಯಬೇಕು. ಯಂತ್ರಕ್ಕೆ ತಗಲುವ ವಿದ್ಯುತ್ತಿನ ದೊಡ್ಡ ಪಾಲು ಲೆಕ್ಕಕ್ಕಿಂತ ಈ ಸಾಗಾಣಿಕೆಗೇ ಹೋಗುತ್ತದೆ. ಮಿದುಳಿನಲ್ಲಿ ಹಾಗಿಲ್ಲ. ನರಕೋಶಗಳು ಒಂದನ್ನೊಂದು ಸೇರುವ ಸಂಧಿಯಲ್ಲಿಯೇ ನೆನಪೂ ಇದೆ, ಕೆಲಸವೂ ನಡೆಯುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೂ ಅದು ಬಳಸುವ ಶಕ್ತಿ ಸುಮಾರು 20 ವಾಟ್ ಮಾತ್ರ. ಜಗಲಿಯ 40 ವಾಟಿನ ಹಳೆಯ ಬಲ್ಬಿನ ಅರ್ಧ.

ನರಕೋಶ ಕೆಲಸ ಮಾಡುವ ರೀತಿಯನ್ನು ತಿಳಿಯಲು, ಹರಿಯುವ ನೀರಿನ ಕೆಳಗೆ ತೂಗುಹಾಕಿದ ಬಿದಿರಿನ ಅಂಡೆಯನ್ನು ನೆನೆದುಕೊಳ್ಳಬಹುದು. ನೀರು ತುಂಬುತ್ತಾ ಬಂದು, ಒಂದು ಮಟ್ಟ ಮೀರಿದೊಡನೆ ಅಂಡೆ ವಾಲಿ ನೀರು ಚೆಲ್ಲಿ, ಹಿಂದಕ್ಕೆ ಬೀಳುವಾಗ ತಗಡಿಗೆ ಬಡಿದು ಸದ್ದು ಮಾಡುತ್ತದೆ. ಆಮೇಲೆ ಮತ್ತೆ ತುಂಬತೊಡಗುತ್ತದೆ. ನರಕೋಶವೂ ಹಾಗೆಯೇ. ನೂರಾರು ಕಡೆಯಿಂದ ಬರುವ ಸೂಚನೆಗಳನ್ನು ಕೂಡಿಸಿಕೊಂಡು, ಮಟ್ಟ ಮೀರಿದಾಗ ಮಾತ್ರ ಒಂದು ಮಿಡಿತವನ್ನು ಮುಂದಿನವಕ್ಕೆ ಕಳಿಸಿ ಸುಮ್ಮನಾಗುತ್ತದೆ. ಬರುವ ನೀರು ಕಡಿಮೆಯಿದ್ದರೆ ಸದ್ದೂ ಇಲ್ಲ, ಶಕ್ತಿಯ ಖರ್ಚೂ ಇಲ್ಲವೆನ್ನುವಷ್ಟು ಅಲ್ಪ.

ಕಲಿಕೆಯ ವಿಷಯದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಒಂದು ನರಕೋಶ ಇನ್ನೊಂದನ್ನು ಮತ್ತೆ ಮತ್ತೆ ಮಿಡಿಯುವಂತೆ ಮಾಡಿದರೆ ಅವೆರಡರ ನಡುವಿನ ಸಂಧಿ ಬಲಗೊಳ್ಳುತ್ತದೆ. ಜನ ನಡೆದಾಡಿದಷ್ಟೂ ಕಾಲುದಾರಿ ಸವೆದು ಹಾದಿಯಾಗುವಂತೆ ಎನ್ನಬಹುದು. ಇಂದಿನ ಯಂತ್ರಗಳ ಕಲಿಕೆಯ ಹಲವು ಕ್ರಮಗಳಿಗೆ ಈ ವಿಚಾರ ಬೀಜವಾಗಿದೆ.

ಎರಡು ನರಕೋಶದ ಆಮೆ

ಇಂತಹ ಯಂತ್ರಮಾನವನ ಕಲ್ಪನೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನರವಿಜ್ಞಾನಿ ಗ್ರೇ ವಾಲ್ಟರ್ 1948-49ರಲ್ಲಿ ಆಮೆಯಾಕಾರದ ಎರಡು ಯಂತ್ರಗಳನ್ನು ಕಟ್ಟಿದರು. ಎಲ್ಮರ್ ಮತ್ತು ಎಲ್ಸಿ ಎಂದು ಅವಕ್ಕೆ ಹೆಸರು. ಒಂದೊಂದರೊಳಗೂ ಇದ್ದದ್ದು ಎರಡು ರೇಡಿಯೋ ವಾಲ್ವು, ಬೆಳಕನ್ನು ಅರಿಯುವ ಒಂದು ಕಣ್ಣು, ಎಡವಿದ್ದನ್ನು ತಿಳಿಯುವ ಒಂದು ಸ್ಪರ್ಶ ಸಾಧನ, ಎರಡು ಮೋಟಾರು. ಎರಡು ನರಕೋಶದ ಮಿದುಳು ಎಂದರೂ ಸರಿ. ಆದರೂ ಅವು ಬೆಳಕಿನತ್ತ ಸಾಗುತ್ತಿದ್ದವು, ಅಡ್ಡಿ ಬಂದರೆ ಸುತ್ತಿ ಹೋಗುತ್ತಿದ್ದವು. ಬ್ಯಾಟರಿ ಇಳಿಯುತ್ತಾ ಬಂದಾಗ, ಸಂಜೆ ಕೊಟ್ಟಿಗೆಗೆ ಮರಳುವ ದನದಂತೆ, ದೀಪ ಉರಿಯುವ ತಮ್ಮ ಗೂಡಿಗೆ ಹೋಗಿ ವಿದ್ಯುತ್ತು ತುಂಬಿಕೊಳ್ಳುತ್ತಿದ್ದವು. ಹೀಗೆ ನಡೆ ಎಂದು ಹೆಜ್ಜೆಹೆಜ್ಜೆಗೂ ಬರೆದುಕೊಟ್ಟ ಸೂಚನೆ ಅವುಗಳಲ್ಲಿ ಇರಲಿಲ್ಲ. ಕೆಲವೇ ನರಕೋಶಗಳನ್ನು ಸರಿಯಾಗಿ ಜೋಡಿಸಿದರೆ ಬುದ್ಧಿವಂತಿಕೆಯಂತೆ ತೋರುವ ನಡವಳಿಕೆ ತಾನಾಗಿ ಮೂಡುತ್ತದೆ ಎಂಬುದನ್ನು ಈ ಆಮೆಗಳು ತೋರಿಸಿಕೊಟ್ಟವು.

ಜೇನು ಅಳೆಯುವ ದಾರಿ

ಜೇನುನೊಣಕ್ಕೆ ಎರಡು ಕಣ್ಣುಗಳಿದ್ದರೂ ಅವುಗಳ ನಡುವಿನ ಅಂತರ ಬಹಳ ಕಡಿಮೆ. ಆದ್ದರಿಂದ ನಾವು ಎರಡು ಕಣ್ಣಿನಿಂದ ದೂರವನ್ನು ಅಂದಾಜು ಮಾಡುವಂತೆ ಅದಕ್ಕೆ ಆಗುವುದಿಲ್ಲ. ಹಾಗಿದ್ದರೆ ಕೊಂಬೆಗೆ ಡಿಕ್ಕಿ ಹೊಡೆಯದೆ ಅದು ಹಾರುವುದು ಹೇಗೆ? ಇದಕ್ಕೆ ಉತ್ತರ ಕಂಡುಹಿಡಿದವರಲ್ಲಿ ಪ್ರಮುಖರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂದೆ ಆಸ್ಟ್ರೇಲಿಯಾದಲ್ಲಿ ಸಂಶೋಧನೆ ನಡೆಸಿದ ಮಂಡ್ಯಂ ವಿ. ಶ್ರೀನಿವಾಸನ್. ಈ ಕೆಲಸಕ್ಕಾಗಿ ಅವರಿಗೆ 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ದೊರೆಯಿತು.

ಅವರ ಪ್ರಯೋಗ ಸರಳವಾದದ್ದು. ಎರಡೂ ಗೋಡೆಗಳಿಗೆ ಪಟ್ಟೆ ಬಳಿದ ಕಿರಿದಾದ ಓಣಿಯೊಂದನ್ನು ಮಾಡಿ, ಅದರ ಕೊನೆಯಲ್ಲಿ ಸಕ್ಕರೆ ನೀರು ಇಡಲಾಯಿತು. ಜೇನುಗಳು ಓಣಿಯ ನಟ್ಟನಡುವೆ ಹಾರಿದವು. ಒಂದು ಬದಿಯ ಗೋಡೆಯ ಪಟ್ಟೆಗಳನ್ನು ಜೇನು ಹಾರುವ ದಿಕ್ಕಿನಲ್ಲಿಯೇ ಸರಿಸಿದಾಗ ಅವು ಆ ಗೋಡೆಯ ಹತ್ತಿರಕ್ಕೆ ಸರಿದವು. ವಿರುದ್ಧ ದಿಕ್ಕಿಗೆ ಸರಿಸಿದಾಗ ದೂರ ಸರಿದವು. ಬಸ್ಸಿನಲ್ಲಿ ಕುಳಿತವರಿಗೆ ರಸ್ತೆಬದಿಯ ಮರಗಳು ಸರ್ರನೆ ಹಿಂದೆ ಓಡುತ್ತವೆ, ದೂರದ ಗುಡ್ಡ ಮೆಲ್ಲಗೆ ಸರಿಯುತ್ತದೆ. ಜೇನು ನೋಡುವುದು ಇದನ್ನೇ. ಎಡಗಣ್ಣಿಗೂ ಬಲಗಣ್ಣಿಗೂ ದೃಶ್ಯ ಒಂದೇ ವೇಗದಲ್ಲಿ ಓಡುತ್ತಿದ್ದರೆ ತಾನು ನಡುವೆ ಇದ್ದೇನೆ ಎಂದು ಅದು ಅರಿಯುತ್ತದೆ. ನೆಲಕ್ಕೆ ಇಳಿಯುವಾಗಲೂ ದೃಶ್ಯ ಓಡುವ ವೇಗವನ್ನು ಒಂದೇ ಸಮನಾಗಿ ಇಟ್ಟುಕೊಳ್ಳುತ್ತದೆ. ನೆಲ ಹತ್ತಿರವಾದಂತೆಲ್ಲ ತನ್ನ ವೇಗವನ್ನು ಇಳಿಸದೆ ಇದು ಸಾಧ್ಯವಿಲ್ಲವಾದ್ದರಿಂದ, ಲೆಕ್ಕಾಚಾರವಿಲ್ಲದೆ ಮೃದುವಾಗಿ ಇಳಿಯುತ್ತದೆ.

ದೂರವನ್ನೂ ಜೇನು ಇದೇ ರೀತಿ ಅಳೆಯುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು 6 ಮೀಟರ್ ಉದ್ದದ ಕಿರಿದಾದ ಓಣಿಯಲ್ಲಿ ಹಾರಿ ಬಂದ ಜೇನುಗಳು ಗೂಡಿನಲ್ಲಿ ಕುಣಿದು, ಸುಮಾರು 200 ಮೀಟರ್ ಹಾರಿದೆವು ಎಂಬಂತೆ ಸಂಗಡಿಗರಿಗೆ ತಿಳಿಸಿದವು! ಗೋಡೆಗಳು ಹತ್ತಿರವಿದ್ದುದರಿಂದ ದೃಶ್ಯ ಹೆಚ್ಚು ಓಡಿತ್ತು. ಜೇನು ಮೋಸ ಹೋದದ್ದರಿಂದಲೇ ಅದರ ಅಳತೆಗೋಲು ಯಾವುದೆಂಬುದು ಬಯಲಾಯಿತು.

ಈ ಪ್ರಯೋಗಗಳು ನಡೆದದ್ದು ಯುರೋಪಿನ ಜೇನಿನ ಮೇಲೆ. ನಮ್ಮ ತುಡುವೆ ಅದರ ಹತ್ತಿರದ ಸಂಬಂಧಿ. ಶ್ರೀನಿವಾಸನ್ ಮತ್ತು ಸಂಗಡಿಗರು ಇದೇ ನಿಯಮಗಳನ್ನು ಅಳವಡಿಸಿ, ನಡುಹಾದಿ ಹಿಡಿದು ಸಾಗುವ ಗಾಲಿಯ ಯಂತ್ರಗಳನ್ನೂ ಹಾರುವ ಸಣ್ಣ ವಿಮಾನಗಳನ್ನೂ ಮಾಡಿ ತೋರಿಸಿದರು. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು 2024ರಲ್ಲಿ 56 ಗ್ರಾಂ ತೂಕದ ಡ್ರೋನ್ ಒಂದನ್ನು ಮರುಭೂಮಿಯ ಇರುವೆಯಂತೆ ದಾರಿ ನೆನಪಿಟ್ಟುಕೊಂಡು 100 ಮೀಟರ್‌ವರೆಗಿನ ದೂರದಿಂದ ಹೊರಟಲ್ಲಿಗೇ ಮರಳುವಂತೆ ಮಾಡಿದರು. ಉಪಗ್ರಹದ ಸಹಾಯ ಅದಕ್ಕೆ ಬೇಕಾಗಲಿಲ್ಲ.

ಬದಲಾವಣೆಯನ್ನು ಮಾತ್ರ ನೋಡುವ ಕಣ್ಣು

ನರವ್ಯೂಹದ ಮಾದರಿಯ ವಿದ್ಯುನ್ಮಾನ ಬಿಲ್ಲೆಗಳನ್ನು, ಅಂದರೆ ಚಿಪ್ಪುಗಳನ್ನು, ಮಾಡಬಹುದೆಂದು 1980ರ ದಶಕದಲ್ಲಿ ತೋರಿಸಿದವರು ಅಮೆರಿಕದ ಕಾರ್ವರ್ ಮೀಡ್. ಅವರ ಶಿಷ್ಯೆ ಮಿಶಾ ಮಹೋವಾಲ್ಡ್ ಕಣ್ಣಿನ ಒಳಪರದೆಯನ್ನು ಅನುಕರಿಸುವ ಚಿಪ್ಪನ್ನು ಮಾಡಿದರು. ಆ ದಾರಿಯಲ್ಲಿ ಮುಂದುವರಿದ ಕೆಲಸದ ಫಲವೇ ಇಂದಿನ ಹೊಸ ಬಗೆಯ ಕ್ಯಾಮರಾ.

ಸಾಮಾನ್ಯ ಕ್ಯಾಮರಾ ಏನೂ ನಡೆಯದಿದ್ದರೂ ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಪೂರ್ಣ ಚಿತ್ರಗಳನ್ನು ತೆಗೆಯುತ್ತಲೇ ಇರುತ್ತದೆ. ಹೊಸ ಕ್ಯಾಮರಾದ ಒಂದೊಂದು ಚುಕ್ಕೆಯೂ ಸ್ವತಂತ್ರ. ತನ್ನ ಮೇಲೆ ಬೀಳುವ ಬೆಳಕು ಹೆಚ್ಚಿದರೆ ಅಥವಾ ಕಡಿಮೆಯಾದರೆ ಮಾತ್ರ ಅದು ಸುದ್ದಿ ಕಳಿಸುತ್ತದೆ. ಎಲ್ಲವೂ ನಿಶ್ಚಲವಾಗಿದ್ದರೆ ಕ್ಯಾಮರಾ ಹೆಚ್ಚುಕಡಿಮೆ ಮೌನ. ಹೀಗಾಗಿ ವಿದ್ಯುತ್ತು ಉಳಿಯುತ್ತದೆ. ಚಿತ್ರಗಳ ರಾಶಿಯನ್ನು ದೂರದೂರಿಗೆ ಕಳಿಸುವ ಅಗತ್ಯವೂ ಬೀಳುವುದಿಲ್ಲ. ಪಕ್ಕದಲ್ಲಿರುವ ನರಕೋಶ ಮಾದರಿಯ ಚಿಪ್ಪು ಅಲ್ಲಿಯೇ ತೀರ್ಮಾನಿಸಬಲ್ಲದು. ಐ.ಬಿ.ಎಂ. ಸಂಸ್ಥೆ 2014ರಲ್ಲಿ ತೋರಿಸಿದ ಇಂಥ ಚಿಪ್ಪೊಂದರಲ್ಲಿ ಹತ್ತು ಲಕ್ಷ ಕೃತಕ ನರಕೋಶಗಳಿದ್ದವು. ಲೆಕ್ಕದಲ್ಲಿ ಅದು ಜೇನಿನ ಮಿದುಳಿಗೆ ಸಮ. ಕೆಲಸ ಮಾಡುವಾಗ ಅದು ಬಳಸಿದ್ದು ಸುಮಾರು 70 ಮಿಲಿವಾಟ್. ಅಂಗೈಯಷ್ಟು ಸೌರಫಲಕ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ನರಸಂಧಿಯಂತೆ ವರ್ತಿಸುವ ಅಣುಪದರವೊಂದು 16,520 ಬೇರೆಬೇರೆ ಸ್ಥಿತಿಗಳನ್ನು ನೆನಪಿಡಬಲ್ಲದೆಂದು ತೋರಿಸಿದ್ದಾರೆ. ಸಾಮಾನ್ಯ ಗಣಕಯಂತ್ರದ ನೆನಪಿನ ಕೋಶಕ್ಕೆ ಗೊತ್ತಿರುವುದು ‘ಹೌದು’, ‘ಇಲ್ಲ’ ಎಂಬ ಎರಡೇ ಸ್ಥಿತಿ. ಇಲ್ಲಿ ಕಣವೂ ಕಣಜವೂ ಒಂದೇ ಆಗಿರುವುದು ಗಮನಾರ್ಹ.

ಆದರೆ ಈ ಕಣ್ಣಿನ ದೋಷವನ್ನೂ ಹೇಳಬೇಕು. ಕಪ್ಪೆಯ ಎದುರು ಹುಳು ಅಲುಗಾಡದೆ ಕುಳಿತಿದ್ದರೆ ಕಪ್ಪೆಗೆ ಅದು ಆಹಾರವೆಂದು ಕಾಣುವುದೇ ಇಲ್ಲ. 1959ರಲ್ಲಿ ಅಮೆರಿಕದ ವಿಜ್ಞಾನಿಗಳು ಕಪ್ಪೆಯ ಕಣ್ಣಿನ ನರಗಳನ್ನು ಪರೀಕ್ಷಿಸಿ, ಚಲಿಸುವ ಸಣ್ಣ ಕಪ್ಪು ವಸ್ತುವಿಗೆ ಮಾತ್ರ ಮಿಡಿಯುವ ನರಗಳಿರುವುದನ್ನು ಕಂಡರು. ಬದಲಾವಣೆಯನ್ನು ಮಾತ್ರ ನೋಡುವ ಯಂತ್ರಕ್ಕೂ ಇದೇ ಕುರುಡು ಇದೆ. ಕಾಡಿನ ಅಂಚಿಗೆ ಬಂದ ಆನೆ ಗದ್ದೆಗೆ ಇಳಿಯುವ ಮೊದಲು ಬಹಳ ಹೊತ್ತು ಕಲ್ಲಿನಂತೆ ನಿಂತು ಆಲಿಸುವುದನ್ನು ಮಾಳದಲ್ಲಿ ಕುಳಿತವರು ಬಲ್ಲರು. ಆ ಹೊತ್ತಿನಲ್ಲಿ ಯಂತ್ರ ಏನನ್ನೂ ಹೇಳಲಾರದು. ಗಾಳಿ ಎದ್ದರೆ ಇದಕ್ಕೆ ತಿರುವುಮುರುವು: ಗದ್ದೆಯ ಒಂದೊಂದು ತೆನೆಯೂ ಬದಲಾವಣೆಯೇ ಆಗಿ ಚುಕ್ಕೆಗಳೆಲ್ಲ ಒಮ್ಮೆಗೇ ಮಾತಾಡತೊಡಗುತ್ತವೆ. ಮತ್ತೆ ಮತ್ತೆ ಬರುವ ತೂಗಾಟವನ್ನು ಲೆಕ್ಕಕ್ಕೆ ಹಿಡಿಯದಿರಲು ನರಜಾಲಕ್ಕೆ ಕಲಿಸಬಹುದು. ಆ ಕಲಿಕೆ ನಡೆಯಬೇಕಾದದ್ದು ಇಲ್ಲಿನ ಗದ್ದೆಯ ಗಾಳಿಯಲ್ಲಿ; ಪ್ರಯೋಗಶಾಲೆಯ ಕೋಣೆಯಲ್ಲಿ ಅಲ್ಲ.

ಎಲ್ಲೆಲ್ಲಿ ಉಪಯೋಗ?

ಕಾಡಂಚಿನ ಕಾವಲು ಇದರಲ್ಲಿ ಮೊದಲನೆಯದು. ತಮಿಳುನಾಡಿನ ಕೊಯಮತ್ತೂರು ಬಳಿಯ ಮಧುಕ್ಕರೈಯಲ್ಲಿ ರೈಲು ಹಳಿ ದಾಟುವ ಆನೆಗಳನ್ನು ಗುರುತಿಸಲು 2024ರ ಫೆಬ್ರವರಿಯಲ್ಲಿ 12 ಗೋಪುರಗಳ ಮೇಲೆ ಕ್ಯಾಮರಾ ವ್ಯವಸ್ಥೆ ಆರಂಭವಾಯಿತು. ಅಲ್ಲಿ ಚಿತ್ರ ನೋಡಿ ಆನೆಯೆಂದು ಗುರುತಿಸುವ ತಂತ್ರ ನರಜಾಲದ ಗಣಿತವೇ ಆದರೂ, ಅದು ನಡೆಯುವುದು ಸಾಮಾನ್ಯ ಗಣಕಯಂತ್ರದ ಮೇಲೆ; ಗೋಪುರ, ವಿದ್ಯುತ್ತು, ನಿಯಂತ್ರಣ ಕೊಠಡಿ ಎಲ್ಲವೂ ಬೇಕು. ರೈಲ್ವೆ ಹಳಿಗೆ ಇದು ಸರಿ. ಎರಡೆಕರೆ ಗದ್ದೆಗೆ ಇದು ಇರುವೆ ಹೊಡೆಯಲು ಒನಕೆ. ಹಳಿಯಾಳ, ಮುಂಡಗೋಡಗಳ ಬಿಡಿ ಹಿಡುವಳಿಗಳಿಗೆ ಬೇಕಾದದ್ದು ಗೂಟಕ್ಕೆ ಸಿಕ್ಕಿಸಬಹುದಾದ, ಸಣ್ಣ ಸೌರಫಲಕದಲ್ಲಿ ಮಳೆಮೋಡದ ದಿನವೂ ನಡೆಯುವ, ಮೊಬೈಲ್ ಸಂಪರ್ಕ ಬೇಡದ ಕಾವಲುಗಾರ. ನರಮಾದರಿಯ ಯಂತ್ರದ ಮೇಲೆ ಆಸೆ ಇಡಲು ಕಾರಣ ಇದೇ.

ಅಂಥ ಯಂತ್ರ ಬಂದಾಗಲೂ ಅದು ಕಂಡು ತಿಳಿಸುವ ಕೆಲಸಕ್ಕೆ ಸೀಮಿತವಾಗಿರುವುದು ಲೇಸು. ಆನೆಯನ್ನು ಅಟ್ಟಿಸಿಕೊಂಡು ಹೋಗುವ ಯಂತ್ರಮಾನವ ಕೇಳಲು ಚೆನ್ನ. ಬೆದರಿದ ಆನೆ ಪಕ್ಕದವರ ಗದ್ದೆಗೋ, ಕೇರಿಯೊಳಕ್ಕೋ ನುಗ್ಗಿದರೆ ಹೊಣೆ ಯಾರು? ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಆನೆ ಬಂದಿರುವ ಜಾಗವನ್ನು ಮೊಬೈಲ್ ಸಂದೇಶದಿಂದಲೂ ಕೆಂಪು ದೀಪದಿಂದಲೂ ಜನರಿಗೆ ತಿಳಿಸುವ ಕ್ರಮ ಜಾರಿಗೆ ಬಂದು ಜೀವಹಾನಿ ತಗ್ಗಿತು. ಅಲ್ಲಿ ಆನೆಯನ್ನು ಓಡಿಸಲಿಲ್ಲ, ಜನರನ್ನು ಎಚ್ಚರಿಸಲಾಯಿತು.

ಎರಡನೆಯ ಉಪಯೋಗ ಅಡಿಕೆ ತೋಟದಲ್ಲಿ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತಬಲ್ಲ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಂದಿನ ಸಿಂಪಡಣೆ ಡ್ರೋನುಗಳು ಉಪಗ್ರಹದ ಸೂಚನೆ ನಂಬಿ ಬಯಲ ಮೇಲೆ ಹಾರುವಂಥವು. ಕಣಿವೆಯ ತೋಟದಲ್ಲಿ, ಸೋಗೆಗಳ ಚಪ್ಪರದ ಕೆಳಗೆ, ಆ ಸೂಚನೆ ಸರಿಯಾಗಿ ಸಿಗುವುದಿಲ್ಲ. ಮರಗಳ ಸಾಲಿನ ನಡುವೆ ಎರಡೂ ಬದಿಯ ದೃಶ್ಯದ ಓಟ ನೋಡಿಕೊಂಡು ಹಾರುವ ಜೇನಿನ ವಿದ್ಯೆ ಇಲ್ಲಿ ಹೇಳಿ ಮಾಡಿಸಿದಂತಿದೆ. ಆದರೆ ಮಳೆಯಲ್ಲಿ ತೊಯ್ದು, ದ್ರಾವಣದ ಡಬ್ಬಿ ಹೊತ್ತು ಹಾರುವುದು 56 ಗ್ರಾಂ ತೂಕದ ಯಂತ್ರದ ಕೆಲಸವಲ್ಲ. ಆ ದೂರ ಇನ್ನೂ ಕ್ರಮಿಸಬೇಕಾಗಿದೆ. ರಕ್ಷಿತಾರಣ್ಯದ ಮೇಲೆ ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನೂ ಮರೆಯಬಾರದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಣ ರೈತರಿಗೆ ಇದು ಮುಖ್ಯ.

ಸಸಿ-ಕಳೆ ಗುರುತಿಸಿ ಕೀಳುವ ಗಾಲಿಯಂತ್ರ, ವಾಸನೆಯಿಂದ ಕೊಳೆತವನ್ನು ಪತ್ತೆಮಾಡುವ ಕೃತಕ ಮೂಗು ಇವುಗಳ ಮೇಲೂ ಕೆಲಸ ನಡೆದಿದೆ. ಅವುಗಳ ವಿವರ ಇಲ್ಲಿ ಬೇಡ.

ಈಗ ಮಾಡಬಹುದಾದದ್ದು

ನರಮಾದರಿಯ ಯಂತ್ರಗಳು ಇನ್ನೂ ರೈತರು ಅಂಗಡಿಯಲ್ಲಿ ಕೊಳ್ಳುವ ಹಂತಕ್ಕೆ ಬಂದಿಲ್ಲ. ಬದಲಾವಣೆ ನೋಡುವ ಹಲವು ಕ್ಯಾಮರಾಗಳು ಇನ್ನೂ ದುಬಾರಿ. ಆದರೆ ‘ಕೃತಕ ಬುದ್ಧಿ’ಯ ಹೆಸರು ಹೇಳಿ ಸಾಧನ ಮಾರಲು ಬರುವವರು ಈಗಲೇ ಇದ್ದಾರೆ. ಕೊಳ್ಳುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ಮೊಬೈಲ್ ಸಂಪರ್ಕ ಕಡಿದಾಗ ಇದು ನಡೆಯುವುದೇ? ಮೂರು ದಿನ ಬಿಸಿಲು ಬಾರದಿದ್ದರೆ? ಒಂದು ರಾತ್ರಿಗೆ ಎಷ್ಟು ಸುಳ್ಳು ಎಚ್ಚರಿಕೆ? ರಿಪೇರಿಗೆ ಯಾರು, ಎಲ್ಲಿಂದ ಬರುತ್ತಾರೆ? ಮಾರಾಟಗಾರ ಒಂದು ವಾರ ಯಂತ್ರವನ್ನು ಗದ್ದೆಯಲ್ಲಿಯೇ ಬಿಟ್ಟು ತೋರಿಸಲು ಒಪ್ಪದಿದ್ದರೆ ಆ ವ್ಯವಹಾರ ಬೇಡ. ಬೇಲಿಗೆ ನೇರ ವಿದ್ಯುತ್ತು ಹರಿಸುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಅದು ಕಾನೂನಿಗೆ ವಿರುದ್ಧ, ಆನೆಗೂ ಮನೆಯವರಿಗೂ ಮೃತ್ಯು.

ಜೇನಿನ ಇನ್ನೊಂದು ಸಹಾಯವನ್ನು ಪರೀಕ್ಷಿಸಿ ನೋಡಬಹುದು. ಕೀನ್ಯಾ ದೇಶದಲ್ಲಿ ಹೊಲದ ಸುತ್ತ ತಂತಿಗೆ ಜೇನುಪೆಟ್ಟಿಗೆಗಳನ್ನು ತೂಗುಹಾಕಿ ಆನೆಗಳನ್ನು ತಡೆಯುವ ಕ್ರಮವಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚಿನಲ್ಲಿ ಕೊಡಗಿನ ಕಾಡಂಚಿನಲ್ಲಿ ಇಂಥದೇ ಯೋಜನೆಯನ್ನು ಆರಂಭಿಸಿತು. ಆಫ್ರಿಕಾದ ಜೇನಿನಷ್ಟು ಉಗ್ರ ಸ್ವಭಾವ ನಮ್ಮ ತುಡುವೆಗಿಲ್ಲ, ರಾತ್ರಿ ಪೆಟ್ಟಿಗೆ ಅಲುಗಿದರಷ್ಟೇ ಅವು ಹೊರಬೀಳುತ್ತವೆ. ಆದ್ದರಿಂದ ಇದನ್ನೇ ನಂಬಿ ಕಾವಲು ಬಿಡುವಂತಿಲ್ಲ. ಪೆಟ್ಟಿಗೆಯಿಂದ ತುಪ್ಪವೂ ಪರಾಗಸ್ಪರ್ಶವೂ ಸಿಗುವುದರಿಂದ ನಷ್ಟವೇನಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಕೆಲಸವಿದೆ. ಯಾವ ನರಜಾಲವೂ ಉದಾಹರಣೆಗಳಿಲ್ಲದೆ ಕಲಿಯದು. ಮಾಳದಲ್ಲಿ ಕೂರುವವರು ಒಂದು ಪುಸ್ತಕ ಇಟ್ಟು, ಪ್ರಾಣಿ ಬಂದ ದಿನಾಂಕ, ಗಂಟೆ, ಯಾವ ಕಡೆಯಿಂದ ಬಂತು, ಎಷ್ಟು ಹೊತ್ತು ನಿಂತಿತು, ಗಾಳಿ-ಮಳೆ-ಬೆಳದಿಂಗಳು ಹೇಗಿತ್ತು, ಬೆಳೆ ಯಾವ ಹಂತದಲ್ಲಿತ್ತು, ಏನು ಮಾಡಿದಾಗ ಹಿಂದಿರುಗಿತು ಎಂಬುದನ್ನು ಬರೆಯುವಂತೆ ಮಾಡಬೇಕು. ಪ್ರಾಣಿ ಬಾರದ ರಾತ್ರಿಯನ್ನೂ ಬರೆಯಬೇಕು. ಗಾಳಿಯ ಸದ್ದನ್ನು ಆನೆಯೆಂದು ಬಗೆದ ರಾತ್ರಿಯನ್ನು ತಪ್ಪದೆ ಬರೆಯಬೇಕು. ಊರಿನ ನಕ್ಷೆಯಲ್ಲಿ ಆನೆ ಇಳಿಯುವ ದಾರಿಗಳನ್ನು ಗುರುತು ಮಾಡಿ ಗ್ರಾಮ ಪಂಚಾಯತಿಯಲ್ಲಿ ಒಂದು ಪ್ರತಿ ಇಟ್ಟರೆ, ಬೆಳೆಹಾನಿ ಪರಿಹಾರದ ಅರ್ಜಿಗೂ ಅದು ಆಧಾರವಾಗುತ್ತದೆ. ಬತ್ತ ಹೊಡೆಯೊಡೆಯುವ ಮೊದಲೇ, ಮಾಳ ಕಟ್ಟುವ ವಾರದಲ್ಲಿ, ಈ ಪುಸ್ತಕ ಆರಂಭಿಸುವುದು ಸೂಕ್ತ.